ಚಿಪ್ಪಿನ ಕಾಂಕ್ರೀಟ್: ಸಬಾದ ಮನೆಯಿಂದ ನಮ್ಮ ಕೊಟ್ಟಿಗೆಯವರೆಗೆ

ತಿಪಟೂರಿನ ಕಡೆ ನಮ್ಮೂರಿನಲ್ಲಿ ನನ್ನ ತಮ್ಮ ದನದ ಹಳೇ ಕೊಟ್ಟಿಗೆ ಕೆಡವಿ ಹೊಸದು ಕಟ್ಟಲು ಹೊರಟಿದ್ದ. ಮನೆ ಹಿಂದೆ ಕೊಬ್ಬರಿ ಬಿಡಿಸಿದ ಚಿಪ್ಪು ರಾಶಿ ಬಿದ್ದಿತ್ತು. ಫೋನ್ ಮಾಡಿ ಕೇಳಿದ: "ಅಣ್ಣ, ಜಲ್ಲಿ ಬದಲು ಚಿಪ್ಪು ಹಾಕಿ ಮೋಲ್ಡ್ ಹಾಕಬಹುದಂತೆ. ಭಾರಾನೂ ಕಡಿಮೆ, ಖರ್ಚೂ ಕಡಿಮೆಯಂತೆ. ನಿಜಾನಾ?"

ನಾನು ಸಿವಿಲ್ ಎಂಜಿನಿಯರ್. ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಇಂಥ ಕಾಂಕ್ರೀಟಿನಲ್ಲಿ ನಿಜಕ್ಕೂ ಒಂದು ಮನೆ ಕಟ್ಟಿ ನೋಡಿದವರಿದ್ದಾರೆ. ಅವರ ಕೆಲಸ ಗೊತ್ತಿದ್ದ ಮೇಲೆ ಸುಮ್ನೆ ಒಂದು ಮಾತು ಹೇಳಿ ಫೋನ್ ಇಡಲು ಮನಸ್ಸಾಗಲಿಲ್ಲ. ಎರಡು ದಿನ ಬಿಟ್ಟು ಊರಿಗೇ ಹೋದೆ. ಅಲ್ಲಿ ತಮ್ಮನಿಗೂ ಮೇಸ್ತ್ರಿಗೂ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆರು ಚದರದ ಮನೆ

ಬೋರ್ನಿಯೋ ದ್ವೀಪದ ಉತ್ತರ ತುದಿಯಲ್ಲಿ ಮಲೇಷ್ಯಾದ ಸಬಾ ರಾಜ್ಯವಿದೆ. ರಾಜಧಾನಿ ಕೋಟಾ ಕಿನಬಾಲು, ಸಮುದ್ರದ ದಡದ ಊರು. ಅಲ್ಲಿನ ಸಬಾ ವಿಶ್ವವಿದ್ಯಾಲಯದವರು 2001ರಲ್ಲಿ ಮೊದಲು ಒಂದು ಕಾಲುಸೇತುವೆ ಕಟ್ಟಿದರು. ಅದರ ಉದ್ದ ಸುಮಾರು 2 ಮೀಟರ್ ಅಷ್ಟೇ. ಅದು ನಿಂತ ಮೇಲೆ, 2003ರಲ್ಲಿ, ಕಡಿಮೆ ಖರ್ಚಿನ ಒಂದು ಮನೆ ಕಟ್ಟಿದರು. ನೆಲದ ಅಳತೆ ಸುಮಾರು 59 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಆರು ಚದರದ ಮೇಲೆ ಸ್ವಲ್ಪ.

ಈ ಎರಡರಲ್ಲೂ ಕಲ್ಲಿನ ಜಲ್ಲಿಯ ಬದಲು ಹಾಕಿದ್ದು ಎಣ್ಣೆ ತಾಳೆಯ ಚಿಪ್ಪು. ನಾವು ಅಂಗಡಿಯಲ್ಲಿ ಪಾಮಾಯಿಲ್ ಅಂತ ಕೊಳ್ಳುತ್ತೇವಲ್ಲ, ಆ ಹಣ್ಣಿನ ಒಳಗಿನ ಬೀಜದ ಚಿಪ್ಪು. ಮನೆಯ ಪಾಯದ ಫುಟಿಂಗ್, ಲಿಂಟಲ್, ಬೀಮ್ ಎಲ್ಲ ಚಿಪ್ಪಿನ ಕಾಂಕ್ರೀಟೇ. ಗೋಡೆಗೆ ಅದೇ ಚಿಪ್ಪಿನಿಂದ ಮಾಡಿದ ಹಾಲೋ ಬ್ಲಾಕ್.

ಜಾಗವೂ ಸುಲಭದ್ದಲ್ಲ. ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ. ಗಾಳಿಯಲ್ಲಿ ಯಾವಾಗಲೂ ತೇವ, ಜೊತೆಗೆ ಸಮುದ್ರದ ಉಪ್ಪು. ನಮ್ಮ ಕರಾವಳಿಯಲ್ಲಿ ಮನೆ ಕಟ್ಟಿದವರಿಗೆ ಇದರ ಅರ್ಥ ಗೊತ್ತು: ಕಂಬಿಗೆ ತುಕ್ಕು ಹಿಡಿಯೋದು ಇಂಥ ಕಡೆಯೇ ಬೇಗ. ಮೂರು ವರ್ಷದ ನಂತರ, 2006ರಲ್ಲಿ, ಅಲ್ಲಿನ ಸಂಶೋಧಕರು ಬರೆದಾಗ ಸೇತುವೆ ಮತ್ತು ಮನೆ ಎರಡೂ ಯಾವ ತೊಂದರೆಯೂ ಇಲ್ಲದೆ ನಿಂತಿದ್ದವು. ಮೂರು ವರ್ಷ ಕಾಂಕ್ರೀಟಿಗೆ ದೊಡ್ಡ ವಯಸ್ಸಲ್ಲ ನಿಜ. ಆದರೂ ಮನುಷ್ಯರು ಒಳಗೆ ಓಡಾಡುವ ಕಟ್ಟಡವನ್ನು ಇದರಲ್ಲಿ ಕಟ್ಟುವ ಧೈರ್ಯ ಮಾಡಿದ್ದರಲ್ಲ, ಅದಕ್ಕೇ ನನಗೆ ಈ ಪ್ರಕರಣದ ಮೇಲೆ ಅಷ್ಟು ಗೌರವ. ಪ್ರಯೋಗಾಲಯದ ಕ್ಯೂಬ್ ಒಡೆದು ಅಂಕಿ ಬರೆದುಕೊಳ್ಳುವುದಕ್ಕಿಂತ ಇದು ಬಹಳ ಮುಂದಿನ ಹೆಜ್ಜೆ.

ಚಿಪ್ಪು ಎಲ್ಲಿಂದ ಬಂತು

ಎಣ್ಣೆ ತಾಳೆಯ ಗೊನೆ ಮಿಲ್ಲಿಗೆ ಬಂದ ಮೇಲೆ ಮೊದಲು ಅದನ್ನು ಹಬೆಯಲ್ಲಿ ಬೇಯಿಸುತ್ತಾರೆ. ಹಣ್ಣು ಉದುರಿಸಿ, ಹಿಂಡಿ ಎಣ್ಣೆ ತೆಗೆಯುತ್ತಾರೆ. ಉಳಿಯೋದು ನಾರು ಮತ್ತು ಬೀಜ. ಬೀಜವನ್ನು ಒಣಗಿಸಿ ಯಂತ್ರದಲ್ಲಿ ಒಡೆದರೆ ಒಳಗಿನ ತಿರುಳು ಒಂದು ಕಡೆ, ಚಿಪ್ಪು ಒಂದು ಕಡೆ. ಅಂದರೆ ಈ ಚಿಪ್ಪು ಮಿಲ್ಲಿನಿಂದ ಬರುವಾಗಲೇ ಜಲ್ಲಿಯ ಗಾತ್ರಕ್ಕೆ ಒಡೆದಿರುತ್ತದೆ. ಮತ್ತೆ ಕ್ರಷರ್ ಬೇಕಿಲ್ಲ. ತೆಂಗಿನ ಚಿಪ್ಪಿಗೆ ಈ ಅನುಕೂಲ ಇಲ್ಲ, ಅದನ್ನು ನಾವೇ ಚೂರು ಮಾಡಿಕೊಳ್ಳಬೇಕು.

ಆದರೆ ಮಿಲ್ಲಿನ ಚಿಪ್ಪಿಗೆ ಬೇರೆ ರಗಳೆ ಇದೆ. ಮೈಮೇಲೆ ಎಣ್ಣೆ ಅಂಟಿರುತ್ತದೆ, ನಾರು ಸಿಕ್ಕಿಕೊಂಡಿರುತ್ತದೆ. ಎಣ್ಣೆಯ ಮೈಗೆ ಸಿಮೆಂಟ್ ಹಿಡಿಯಲ್ಲ. ಸೆಂಟ್ರಿಂಗ್ ಹಲಗೆಗೆ ನಾವು ಎಣ್ಣೆ ಬಳಿಯೋದೇ ಕಾಂಕ್ರೀಟ್ ಅಂಟಬಾರದು ಅಂತ ಅಲ್ವಾ? ಹಾಗಾಗಿ ಸಬಾದವರು ಚಿಪ್ಪನ್ನು ಸೋಪಿನ ಪುಡಿ ಹಾಕಿ ತೊಳೆದು, ಒಳ್ಳೆ ನೀರಿನಲ್ಲಿ ಜಾಲಿಸಿ, ಆಮೇಲೆ ಬಳಸಿದರು.

ನೀರು ಕುಡಿಯುವ ಜಲ್ಲಿ

ಇಲ್ಲಿಂದ ಮುಂದೆ ತಾಳೆ ಚಿಪ್ಪಿನ ಕಥೆಗೂ ತೆಂಗಿನ ಚಿಪ್ಪಿನ ಕಥೆಗೂ ಹೆಚ್ಚು ವ್ಯತ್ಯಾಸ ಇಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಹೇಳುತ್ತೇನೆ.

ನಮ್ಮ ಕಪ್ಪು ಕಲ್ಲಿನ ಜಲ್ಲಿ ಒಂದು ದಿನ ನೀರಿನಲ್ಲಿ ಇದ್ದರೂ ಸಾಮಾನ್ಯವಾಗಿ ತನ್ನ ತೂಕದ ನೂರಕ್ಕೆ ಒಂದು ಪಾಲು ನೀರನ್ನೂ ಕುಡಿಯುವುದಿಲ್ಲ. ತೆಂಗಿನ ಚಿಪ್ಪು 24 ಗಂಟೆಯಲ್ಲಿ ನೂರಕ್ಕೆ 24 ಪಾಲು ಕುಡಿಯುತ್ತದೆ. ತಾಳೆ ಚಿಪ್ಪು 33 ಪಾಲು. ಒಣಗಿದ ಚಿಪ್ಪನ್ನು ಹಾಗೇ ಮಿಕ್ಸರಿಗೆ ಹಾಕಿದರೆ ಏನಾಗುತ್ತೆ? ಸಿಮೆಂಟಿಗೆ ಅಂತ ಹಾಕಿದ ನೀರನ್ನು ಚಿಪ್ಪು ಕುಡಿದುಬಿಡುತ್ತದೆ. ಮಾಲು ಕೈಯಲ್ಲೇ ಗಟ್ಟಿಯಾಗುತ್ತದೆ. ಕೆಲಸದವರು ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಅಲ್ಲಿಗೆ ಗಟ್ಟಿತನ ಹೋಯಿತು.

ಅದಕ್ಕೆ ಇರುವ ದಾರಿ, ಮೊದಲೇ ಒಂದು ದಿನ ನೆನೆಸೋದು. ಆಮೇಲೆ ಹರಡಿ ಮೇಲ್ಮೈ ಮಾತ್ರ ಆರುವ ತನಕ ಬಿಟ್ಟು ಬಳಸೋದು. ಒಳಗೆ ನೀರು ತುಂಬಿರಬೇಕು, ಮೇಲೆ ಹನಿ ಇರಬಾರದು. ಸಬಾದವರು ಮಾಡಿದ್ದೂ ಇದನ್ನೇ. ಇದರಿಂದ ಒಂದು ಲಾಭವೂ ಇದೆ. ಒಳಗೆ ಕುಡಿದಿಟ್ಟ ನೀರನ್ನು ಚಿಪ್ಪು ದಿನ ಕಳೆದ ಹಾಗೆ ಸುತ್ತಲಿನ ಸಿಮೆಂಟಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಒಳಗಿನಿಂದಲೇ ಕ್ಯೂರಿಂಗ್ ಆದ ಹಾಗೆ. ಹಾಗಂತ ಹೊರಗಿನಿಂದ ನೀರು ಹಾಕೋದನ್ನು ಬಿಡೋ ಹಾಗಿಲ್ಲ.

ಊರಿಗೆ ಹೋದ ದಿನ ಸಂಜೆ ನಾನೂ ತಮ್ಮನೂ ಒಂದಷ್ಟು ಚಿಪ್ಪನ್ನು ಸುತ್ತಿಗೆಯಿಂದ ಚೂರು ಮಾಡಿ ಬಕೆಟ್ಟಿಗೆ ಹಾಕಿದೆವು. ಕೆಲವು ಮುಳುಗಿದವು, ಕೆಲವು ದೋಣಿಯ ಹಾಗೆ ಅಂಗಾತ ತೇಲಿದವು. ಬೆಳಿಗ್ಗೆ ನೋಡಿದರೆ ಹೆಚ್ಚಿನವು ತಳದಲ್ಲಿ, ನೀರು ಚಹಾದ ಬಣ್ಣ. ಮೇಸ್ತ್ರಿ ಬಕೆಟ್ ನೋಡಿ ಕೇಳಿದರು, "ಸಾರ್, ಈ ಬಣ್ಣ ಸಿಮೆಂಟಿಗೆ ಏನೂ ಮಾಡಲ್ವಾ?"

ಕೇಳಬೇಕಾದ ಪ್ರಶ್ನೆಯೇ. ಸಕ್ಕರೆ ಅಂಶ ಚೂರು ಸೇರಿದರೂ ಸಿಮೆಂಟ್ ಗಟ್ಟಿಯಾಗೋದು ತಡವಾಗುತ್ತದೆ. ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದ ಹಳಬರ ಕ್ರಮ ಸುಣ್ಣಕ್ಕೆ ಸರಿ, ಸಿಮೆಂಟಿಗೆ ಅಲ್ಲ. ಚೆನ್ನೈ ಹತ್ತಿರದ ಎಸ್‌ಆರ್‌ಎಂ ವಿಶ್ವವಿದ್ಯಾಲಯದಲ್ಲಿ ಕೆ. ಗುಣಶೇಖರನ್ ಮತ್ತು ಜೊತೆಗಾರರು ತೆಂಗಿನ ಚಿಪ್ಪಿನ ಕಾಂಕ್ರೀಟ್ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಚಿಪ್ಪಿನಲ್ಲಿರುವ ಸಕ್ಕರೆ ಬಿಡಿಯಾಗಿ ಇಲ್ಲ, ಹಾಗಾಗಿ ಸಿಮೆಂಟ್ ಕೂರುವುದಕ್ಕೆ ಅಡ್ಡಿ ಬರುವುದಿಲ್ಲ ಅನ್ನೋದು ಅವರು ಕಂಡದ್ದು. ಆದರೂ ಆ ಕಂದು ನೀರನ್ನು ಚೆಲ್ಲಿ, ಕಾಂಕ್ರೀಟಿಗೆ ಬೇರೆ ನೀರು ಬಳಸಿ ಅಂತ ನಾನು ಮೇಸ್ತ್ರಿಗೆ ಹೇಳಿದೆ. ನೆನೆಸಿದ ನೀರನ್ನೇ ಹಾಕಿ ಅನುಮಾನ ಯಾಕೆ ಉಳಿಸಿಕೊಳ್ಳಬೇಕು?

ಹಗುರ ಎಷ್ಟು, ಗಟ್ಟಿ ಎಷ್ಟು

ಸಬಾದಲ್ಲಿ ಈ ಕೆಲಸವನ್ನು ಮುಂದೆ ತಂದವರು ಎಂ.ಎ. ಮನ್ನಾನ್ ಮತ್ತು ಸಿ. ಗಣಪತಿ. ಮಾಮೂಲಿ ಕಾಂಕ್ರೀಟಿಗೆ ಮಿಕ್ಸ್ ಲೆಕ್ಕ ಹಾಕುವ ವಿಧಾನ ಚಿಪ್ಪಿಗೆ ಸರಿಹೊಂದಲಿಲ್ಲ. ಮತ್ತೆ ಮತ್ತೆ ಕಲಸಿ, ಒಡೆದು, ತಿದ್ದಿ ಒಂದು ಅಳತೆಗೆ ಬಂದರು. ಆಮೇಲೆ ಟಿಯೊ, ಮನ್ನಾನ್, ಕುರಿಯನ್ ಸೇರಿ 2006ರಲ್ಲಿ ಕೊಟ್ಟ ಅಳತೆ ಹೀಗಿದೆ. ಒಂದು ಘನ ಮೀಟರಿಗೆ ಸಿಮೆಂಟ್ 510 ಕೆಜಿ, ಮರಳು 848 ಕೆಜಿ, ಚಿಪ್ಪು 308 ಕೆಜಿ. ನೀರು ಸಿಮೆಂಟಿನ 0.38 ಪಾಲು, ಜೊತೆಗೆ ಮಾಲು ಸಡಿಲವಾಗಲು ರಾಸಾಯನಿಕ. 28 ದಿನಕ್ಕೆ ಬಂದ ಗಟ್ಟಿತನ ಪ್ರತಿ ಚದರ ಮಿಲಿಮೀಟರಿಗೆ 28 ನ್ಯೂಟನ್. ನಮ್ಮ ಸೈಟುಗಳಲ್ಲಿ ಹೇಳುವ ಎಂ-25, ಅಂದರೆ 25 ನ್ಯೂಟನ್ ದರ್ಜೆಯ ಕಾಂಕ್ರೀಟಿನ ಆಸುಪಾಸು. ಒಣಗಿದ ಮೇಲೆ ತೂಕ ಘನ ಮೀಟರಿಗೆ ಸುಮಾರು 1960 ಕೆಜಿ. ಮಾಮೂಲಿ ಕಾಂಕ್ರೀಟ್ ಸುಮಾರು 2400.

ಗುಣಶೇಖರನ್ ಅವರ ತೆಂಗಿನ ಚಿಪ್ಪಿನ ಮಿಕ್ಸ್ ಕೂಡ ಹೆಚ್ಚುಕಡಿಮೆ ಇದೇ: ಸಿಮೆಂಟ್ 510 ಕೆಜಿ, ಗಟ್ಟಿತನ 26.7.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಚಿಪ್ಪು ಕಲ್ಲಿಗಿಂತ ಅರ್ಧಕ್ಕೂ ಹಗುರ, ನೀರಿಗಿಂತ ಸ್ವಲ್ಪ ಭಾರ ಅಷ್ಟೇ. ಹಾಗಿದ್ದರೆ ಕಾಂಕ್ರೀಟೂ ಅರ್ಧ ತೂಕಕ್ಕೆ ಇಳಿಯಬೇಕಿತ್ತಲ್ಲ? ಇಳಿದದ್ದು ನೂರಕ್ಕೆ 18 ಮಾತ್ರ. ಯಾಕೆ? ಆ 308 ಕೆಜಿ ಚಿಪ್ಪು ಜಾಗದ ಲೆಕ್ಕದಲ್ಲಿ ಸುಮಾರು ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗ ಸಿಮೆಂಟ್, ಮರಳು, ನೀರು. ಮಾಮೂಲಿ ಕಾಂಕ್ರೀಟಿನಲ್ಲಿ ಜಲ್ಲಿ ಅದಕ್ಕಿಂತ ಬಹಳ ಜಾಸ್ತಿ ಜಾಗ ಹಿಡಿಯುತ್ತದೆ. ಚಿಪ್ಪಿನ ಕಾಂಕ್ರೀಟ್ ನಿಜವಾಗಿ ನಿಂತಿರೋದು ಗಾರೆಯ, ಅಂದರೆ ಆ ಸಿಮೆಂಟ್ ಮರಳಿನ ಮಾಲಿನ, ಬಲದ ಮೇಲೆ.

ಯಾಕೆ ಹಾಗೆ ಅನ್ನೋದನ್ನು ಕಣ್ಣಾರೆ ನೋಡಲು ನಾವು ನೆನೆದ ಚೂರುಗಳನ್ನು ಒಂದು ಬಾಂಡ್ಲಿ ಮಾಲಿಗೆ ಹಾಕಿ, ಕಲಸಿ, ಹಳೇ ಡಬ್ಬಿಯಲ್ಲಿ ತುಂಬಿ ಇಟ್ಟೆವು. ವಾರದ ನಂತರ ಮತ್ತೆ ಊರಿಗೆ ಹೋದಾಗ ಮೇಸ್ತ್ರಿ ಅದನ್ನು ಸುತ್ತಿಗೆಯಿಂದ ಒಡೆದರು. ಮುರಿದ ಮೈ ನೋಡಿದರೆ ಎಲ್ಲ ಅರ್ಥವಾಯಿತು. ಚಿಪ್ಪಿನ ಹೊರಮೈ ಇದ್ದ ಕಡೆ ನಾರು ಗಾರೆಯನ್ನು ಹಿಡಿದುಕೊಂಡಿತ್ತು. ಒಳಮೈ ಇದ್ದ ಕಡೆ ಚಿಪ್ಪು ಅಚ್ಚಿನಿಂದ ಬಿಟ್ಟ ಹಾಗೆ ಬಿಟ್ಟುಕೊಂಡಿತ್ತು. ಗಾರೆಯಲ್ಲಿ ಅದರ ಗುರುತು ಬಟ್ಟಲಿನ ತಳದಷ್ಟು ನುಣುಪು, ಬೆರಳಾಡಿಸಿದರೆ ಜಾರುತ್ತಿತ್ತು. ಒಂದು ದೊಡ್ಡ ಚೂರಿನ ಕುಳಿಯಲ್ಲಿ ಗಾರೆ ಹೋಗದೆ ಪೊಳ್ಳು ಉಳಿದಿತ್ತು. ಚಿಪ್ಪು ತಾನಾಗಿ ಒಡೆದದ್ದು ಒಂದೂ ಇಲ್ಲ. ಅಂದರೆ ಚಿಪ್ಪು ಗಟ್ಟಿಯೇ, ಅಂಟು ಸಾಲದು ಅಷ್ಟೇ. ಚೂರು ಸಣ್ಣದಾದಷ್ಟೂ ಬಾಗು ಕಡಿಮೆ, ಪೊಳ್ಳು ಕಡಿಮೆ. ಮಲಯಾ ವಿಶ್ವವಿದ್ಯಾಲಯದಲ್ಲಿ ಶಫೀಗ್ ಮತ್ತು ಜೊತೆಗಾರರು 2011ರ ಹೊತ್ತಿಗೆ ಇದನ್ನೇ ಹಿಡಿದು ಹೋದರು. ಬಯಲಲ್ಲಿ ತಿಂಗಳುಗಟ್ಟಲೆ ಬಿದ್ದು ನಾರು ಉದುರಿದ ಹಳೇ ತಾಳೆ ಚಿಪ್ಪನ್ನು ಮತ್ತೆ ಸಣ್ಣಗೆ ಒಡೆದು ಬಳಸಿದರು. ಗಟ್ಟಿತನ 40 ದಾಟಿತು. ಒಡೆದ ಅಂಚು ಒರಟು, ಒರಟಿಗೆ ಗಾರೆ ಹಿಡಿಯುತ್ತದೆ.

ಮೇಸ್ತ್ರಿಯ ಎರಡನೇ ಪ್ರಶ್ನೆ: "ಗೆದ್ದಲು ಹಿಡಿಯಲ್ವಾ ಸಾರ್? ಕೊಳೆಯಲ್ವಾ?" ಚಿಪ್ಪಿನಲ್ಲಿ ಲಿಗ್ನಿನ್ ಜಾಸ್ತಿ. ಮರಕ್ಕೆ ಗಟ್ಟಿತನ ಕೊಡುವ ಅಂಶ ಅದು. ತೋಟದಲ್ಲಿ ಬಿದ್ದ ಚಿಪ್ಪು ಮಟ್ಟೆಗಿಂತ, ಗರಿಗಿಂತ ಎಷ್ಟು ವರ್ಷ ಜಾಸ್ತಿ ಉಳಿಯುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಕಾಂಕ್ರೀಟಿನೊಳಗೆ ಅದು ಸಿಮೆಂಟಿನ ಕ್ಷಾರದಲ್ಲಿ ಮುಚ್ಚಿಹೋಗಿರುತ್ತದೆ, ಹುಳಕ್ಕೆ ದಾರಿ ಇರುವುದಿಲ್ಲ. ನನಗೆ ಇರುವ ಚಿಂತೆ ಬೇರೆ. ಚಿಪ್ಪಿನ ಕಾಂಕ್ರೀಟ್ ಮಾಮೂಲಿಗಿಂತ ಹೆಚ್ಚು ನೀರು ಎಳೆಯುತ್ತದೆ. ಒಳಗೆ ಕಂಬಿ ಇದ್ದರೆ ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟ್ ಪದರ, ಚೆನ್ನಾಗಿ ಕೊಡಬೇಕು, ಪ್ಲಾಸ್ಟರ್ ತಪ್ಪಿಸಬಾರದು.

ತಮ್ಮನ ಮೋಲ್ಡಿನ ಲೆಕ್ಕ

ಕೊಟ್ಟಿಗೆ 20 ಅಡಿ ಉದ್ದ, 15 ಅಡಿ ಅಗಲ. ನಾಲ್ಕು ಇಂಚಿನ ಮೋಲ್ಡ್ ಅಂದರೆ ಸುಮಾರು 2.8 ಘನ ಮೀಟರ್ ಕಾಂಕ್ರೀಟ್. ಚಿಪ್ಪಿನದಾದರೆ ಸೂರಿನ ಭಾರ ಸುಮಾರು ಒಂದೂಕಾಲು ಟನ್ ಇಳಿಯುತ್ತದೆ. ಕೇಳಲು ಚೆನ್ನಾಗಿದೆ. ಈಗ ಸಿಮೆಂಟ್ ನೋಡಿ. ಘನ ಮೀಟರಿಗೆ 510 ಕೆಜಿ ಲೆಕ್ಕದಲ್ಲಿ 28 ಚೀಲ ದಾಟುತ್ತದೆ. ಅದೇ ಮೋಲ್ಡಿಗೆ ಜಲ್ಲಿ ಹಾಕಿ, ಘನ ಮೀಟರಿಗೆ 350 ಕೆಜಿ ಸಿಮೆಂಟ್ ಹಿಡಿದರೆ 20 ಚೀಲದೊಳಗೆ ಮುಗಿಯುತ್ತದೆ. ಎಂಟೊಂಬತ್ತು ಚೀಲ ಜಾಸ್ತಿ! ಜಲ್ಲಿ ಉಳಿಸಲು ಹೋಗಿ ಸಿಮೆಂಟ್ ಸುರಿದ ಹಾಗಾಯಿತು. ಕಲ್ಲು ಗಣಿಯ ಹಾನಿ ತಪ್ಪಿಸೋಣ ಅನ್ನೋದು ಒಳ್ಳೆ ಆಸೆ. ಆದರೆ ಕಾಂಕ್ರೀಟಿನಲ್ಲಿ ವಾತಾವರಣಕ್ಕೆ ಹೊಗೆ ಬಿಡೋದು ಹೆಚ್ಚಾಗಿ ಸಿಮೆಂಟೇ, ಜಲ್ಲಿ ಅಲ್ಲ. ಚಿಪ್ಪಿನ ಕಾಂಕ್ರೀಟನ್ನು ಹಸಿರು ಅಂತ ಹೊಗಳುವವರು ಈ ಲೆಕ್ಕವನ್ನು ಜೊತೆಗೇ ಹೇಳಬೇಕು. ಹೇಳದೇ ಹೋಗುವುದು ನನಗೆ ಬೇಸರದ ವಿಷಯ.

ಇನ್ನೊಂದು ಅಡ್ಡಿ ನಿಯಮದ್ದು. ಕಾಂಕ್ರೀಟಿಗೆ ನಮ್ಮ ದೇಶದ ಕೋಡ್ ಆದ ಐಎಸ್ 456ರ ಪ್ರಕಾರ, ವಿಶೇಷ ಕಾರಣ ಇಲ್ಲದೆ ಘನ ಮೀಟರಿಗೆ 450 ಕೆಜಿಗಿಂತ ಹೆಚ್ಚು ಸಿಮೆಂಟ್ ಹಾಕುವಂತಿಲ್ಲ. ಸಿಮೆಂಟ್ ಜಾಸ್ತಿಯಾದರೆ ಕುಗ್ಗಿ ಬಿರುಕು ಬರುತ್ತದೆ ಅನ್ನೋದಕ್ಕೇ ಆ ಮಿತಿ. ಜಲ್ಲಿಯ ನಿಯಮವಾದ ಐಎಸ್ 383ರಲ್ಲಿ 2016ರಿಂದ ಉಕ್ಕಿನ ಸ್ಲ್ಯಾಗ್, ಹಳೇ ಕಾಂಕ್ರೀಟ್ ಒಡೆದ ಜಲ್ಲಿ ಇಂಥವಕ್ಕೂ ಜಾಗ ಸಿಕ್ಕಿದೆ. ಚಿಪ್ಪಿಗೆ ಸಿಕ್ಕಿಲ್ಲ.

ಎಲ್ಲಕ್ಕಿಂತ ಮುಖ್ಯ, ಬಾಗುವ ಗುಣ. ಸಬಾದಲ್ಲಿ ಅಳೆದಾಗ ಚಿಪ್ಪಿನ ಕಾಂಕ್ರೀಟಿನ ಬಿಗುಪು, ಅಂದರೆ ಭಾರಕ್ಕೆ ಜಗ್ಗದೆ ನಿಲ್ಲುವ ಗುಣ, 5.28 ಗಿಗಾಪಾಸ್ಕಲ್ ಬಂತು. ಅಷ್ಟೇ ಗಟ್ಟಿಯ ಮಾಮೂಲಿ ಕಾಂಕ್ರೀಟಿಗೆ ನಮ್ಮ ಕೋಡ್ ಲೆಕ್ಕದಲ್ಲಿ 26ರ ಹತ್ತಿರ. ಐದನೇ ಒಂದು ಪಾಲು! ಒಡೆಯುವ ಭಾರ ಒಂದೇ ಇರಬಹುದು, ಆದರೆ ಅಲ್ಲಿಯವರೆಗೆ ಇದು ಜಾಸ್ತಿ ಜಗ್ಗುತ್ತದೆ. ಅವರು ಬೀಮ್ ಮಾಡಿ ಭಾರ ಹೇರಿ ನೋಡಿದಾಗ, ಕಂಬಿ ಮಿತವಾಗಿ ಇದ್ದ ಕಡೆ ಜಗ್ಗು ಒಪ್ಪುವ ಮಿತಿಯಲ್ಲೇ ಇತ್ತು. ಕಂಬಿ ಹೆಚ್ಚಾದ ಕಡೆ ಬೀಮಿನ ಆಳ ಹೆಚ್ಚಿಸಿ ಅಂತ ಅವರೇ ಹೇಳಿದ್ದಾರೆ. ಫುಟಿಂಗ್, ಲಿಂಟಲ್, ಚಿಕ್ಕ ಬೀಮಿಗೆ ಇದು ನಡೆಯುತ್ತದೆ. 15 ಅಡಿ ಅಗಲದ ತೆಳು ಮೋಲ್ಡಿಗೆ, ಕೆಳಗೆ ದನ ಕಟ್ಟುವ ಜಾಗಕ್ಕೆ, ನಾನು ಸಹಿ ಹಾಕಲಾರೆ. ತಮ್ಮನಿಗೆ ಅದನ್ನೇ ಹೇಳಿದೆ.

ಚಿಪ್ಪು ಪುಕ್ಕಟೆಯಾ?

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಹೇಳಿದ ಮಾತು ಈ ಇಡೀ ಪ್ರಕರಣದ ಬೇರಿಗೆ ತಾಗಿತು. "ಅಲ್ಲಾ ಅಣ್ಣ, ಈ ಚಿಪ್ಪೇನು ಪುಕ್ಕಟೆಯಾ? ಇದ್ದಿಲು ಸುಡೋರು ಬಂದು ದುಡ್ಡು ಕೊಟ್ಟು ಒಯ್ತಾರೆ. ನಾನು ಈ ಸಲ ಕೊಡದೆ ಇಟ್ಟುಕೊಂಡಿದೀನಿ ಅಷ್ಟೇ."

ಸಬಾದಲ್ಲೂ ಕಥೆ ಇದೇ. ಸಂಶೋಧಕರು ಕೆಲಸ ಶುರು ಮಾಡಿದಾಗ ತಾಳೆ ಚಿಪ್ಪಿಗೆ ಅವರು ಇಟ್ಟ ಹೆಸರು ತ್ಯಾಜ್ಯ. ಮಿಲ್ಲುಗಳು ಒಂದಷ್ಟನ್ನು ತಮ್ಮ ಬಾಯ್ಲರಿಗೆ ಹಾಕುತ್ತಿದ್ದವು, ಮಿಕ್ಕದ್ದು ರಾಶಿ ಬೀಳುತ್ತಿತ್ತು. 2012ರಲ್ಲಿ ಜಪಾನ್ ನವೀಕರಿಸಬಹುದಾದ ವಿದ್ಯುತ್ತಿಗೆ ಒಳ್ಳೆ ದರ ಗೊತ್ತು ಮಾಡಿತು. ಅಲ್ಲಿನ ವಿದ್ಯುತ್ ಸ್ಥಾವರಗಳು ಇಂಡೋನೇಷ್ಯಾ, ಮಲೇಷ್ಯಾಗಳಿಂದ ಹಡಗುಗಟ್ಟಲೆ ತಾಳೆ ಚಿಪ್ಪು ತರಿಸಿ ಸುಡಲು ಶುರು ಮಾಡಿದವು. ರಾಶಿ ಬಿದ್ದಿದ್ದ ಚಿಪ್ಪು ಸರಕಾಯಿತು. ಬೆಲೆ ಬಂದ ಮೇಲೆ ಅದು ಜಲ್ಲಿಯ ಜೊತೆ ಪೈಪೋಟಿ ಮಾಡೋದು ಕಷ್ಟ.

ನಮ್ಮ ಕೊಬ್ಬರಿ ಸೀಮೆಯಲ್ಲಿ ಚಿಪ್ಪಿಗೆ ಬೆಲೆ ಮೊದಲಿನಿಂದಲೂ ಇದೆ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿ, ಅಲುಗಿಸಿದರೆ ಒಳಗೆ ಗಟಗಟ ಅನ್ನುವ ಕಾಯನ್ನು ಸುಲಿದು, ಚಿಪ್ಪು ಬಿಡಿಸಿ, ಉಂಡೆ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಹೋಗುತ್ತದೆ. ಚಿಪ್ಪು ಇದ್ದಿಲಾಗುತ್ತದೆ. ಆ ಇದ್ದಿಲಿನಿಂದ ಮಾಡುವ ಆಕ್ಟಿವೇಟೆಡ್ ಕಾರ್ಬನ್ ಮನೆಮನೆಯ ನೀರಿನ ಫಿಲ್ಟರಿನಲ್ಲಿದೆ. ಸುಡುವಾಗಿನ ಹೊಗೆ ಅಕ್ಕಪಕ್ಕದವರಿಗೆ ಹಿಂಸೆ ನಿಜ. ಆದರೂ ಇಷ್ಟು ಉಪಯೋಗ ಇರುವ ವಸ್ತುವನ್ನು ಎಂಟೊಂಬತ್ತು ಚೀಲ ಸಿಮೆಂಟ್ ಹೆಚ್ಚಿಗೆ ಹಾಕಿ ಸೂರಿನೊಳಗೆ ಹೂತಿಡೋದು ನನಗೆ ಸರಿ ಕಾಣಲಿಲ್ಲ.

ಸಿಮೆಂಟ್ ಇಳಿಸುವ ದಾರಿಯೂ ಕೃಷಿಯಲ್ಲೇ ಇದೆ. ನೂರು ಕೆಜಿ ಭತ್ತಕ್ಕೆ ಸುಮಾರು 20 ಕೆಜಿ ಹೊಟ್ಟು, ಆ ಹೊಟ್ಟು ಸುಟ್ಟರೆ ಸುಮಾರು 4 ಕೆಜಿ ಬೂದಿ. ಬೂದಿಯಲ್ಲಿ ಬಹುಪಾಲು ಸಿಲಿಕಾ. ಹದವಾದ ಶಾಖದಲ್ಲಿ ಸುಟ್ಟು ನುಣ್ಣಗೆ ಅರೆದರೆ ಸಿಮೆಂಟಿನ ಒಂದು ಪಾಲನ್ನು ಅದು ತುಂಬುತ್ತದೆ. ಗಂಗಾವತಿ, ಸಿಂಧನೂರಿನ ಅಕ್ಕಿ ಮಿಲ್ಲುಗಳ ಕಡೆ ಹೊಟ್ಟಿಗೆ ಕೊರತೆ ಇಲ್ಲ. ಆದರೆ ಬಾಯ್ಲರಿನಿಂದ ಬರುವ ಕಪ್ಪು ಬೂದಿಯನ್ನು ಹಾಗೇ ತಂದು ಸುರಿದರೆ ಆಗಲ್ಲ. ಶಾಖ ಮೀರಿದರೆ ಸಿಲಿಕಾ ಹರಳುಗಟ್ಟಿ ಕೆಲಸಕ್ಕೆ ಬಾರದು, ಸರಿಯಾಗಿ ಉರಿಯದಿದ್ದರೆ ಇದ್ದಿಲು ಉಳಿದು ನೀರು ಹೀರುತ್ತದೆ. ಚಿಪ್ಪು ಮತ್ತು ಹೊಟ್ಟಿನ ಬೂದಿ ಎರಡೂ ಒಟ್ಟಿಗೆ ಸಿಗುವ ಕಡೆ ಬ್ಲಾಕ್ ಮಾಡುವವರು ಇದನ್ನು ಹಿಡಿದುಕೊಳ್ಳಲಿ ಅನ್ನೋದು ನನ್ನ ನಿಜವಾದ ಆಸೆ.

ಕೊನೆಗೆ ಕೊಟ್ಟಿಗೆಗೆ ತಮ್ಮ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟ್ ಹೊದಿಸಿದ. ಟ್ರಸ್ಸಿನ ಭಾರವೆಲ್ಲ ಪಿಲ್ಲರುಗಳ ಮೇಲೆ. ಪಿಲ್ಲರುಗಳ ನಡುವೆ ಮೇವಿನ ಕೋಣೆಗೆ ಒಂದು ಅಡ್ಡಗೋಡೆ ಬೇಕಿತ್ತು, ಅದರ ಮೇಲೆ ಯಾವ ಭಾರವೂ ಬೀಳುವುದಿಲ್ಲ. ಅಷ್ಟಕ್ಕೆ ಮಾತ್ರ ಚಿಪ್ಪಿನ ಬ್ಲಾಕ್ ಮಾಡೋಣ ಅಂತ ಮೂವರೂ ಒಪ್ಪಿದೆವು. ಚೂರು ಅರ್ಧ ಇಂಚಿಗಿಂತ ದೊಡ್ಡದಿರಬಾರದು, ಒಂದು ದಿನ ನೆನೆಯಬೇಕು, ಎರಡು ವಾರ ನೀರು ಹಾಕಬೇಕು ಅಂತ ಮೇಸ್ತ್ರಿಗೆ ಬರೆದುಕೊಟ್ಟೆ. ಮೊದಲ ದಿನ ಹದ ಸಿಗದೆ ನಾಲ್ಕು ಬ್ಲಾಕ್ ಅಚ್ಚಿನಲ್ಲೇ ಕುಸಿದವು. ಚೂರುಗಳ ಮೇಲಿನ ನೀರು ಆರಿರಲಿಲ್ಲ. ಮರುದಿನದಿಂದ ಅವರು ಚಿಪ್ಪನ್ನು ಬೆಳಿಗ್ಗೆಯೇ ಗೋಣಿಚೀಲದ ಮೇಲೆ ಹರಡಿಟ್ಟು, ಕೈಯಲ್ಲಿ ಹಿಡಿದರೆ ಅಂಗೈ ಒದ್ದೆಯಾಗದ ಮೇಲೆಯೇ ಕಲಸಲು ಶುರು ಮಾಡಿದರು. ಮಿಕ್ಕ ಚಿಪ್ಪನ್ನು ತಮ್ಮ ಇದ್ದಿಲಿನವರಿಗೆ ಕೊಟ್ಟ.